ಒಪೆರಾ ಹಾಡಿನ ವೇಗ, ಶ್ರುತಿ, ಭಾವ ಗುರುತಿಸುವುದು ಹೇಗೆ?

ನಿಧಾನದ ಹಾಡು, ಮೈನರ್ ಶ್ರುತಿ (ಗಾಂಧಾರ ತಗ್ಗಾಗಿರುವ ಸ್ವರಸಾಲು; ಅದು ಅರ್ಧ ಸ್ವರ ಏರಿದ್ದರೆ ಮೇಜರ್), ಹಾಗಾದರೆ ದುಃಖದ ಹಾಡು. ಒಪೆರಾದ ಒಂಟಿ ಹಾಡುಗಳನ್ನು, ಅಂದರೆ ಆರಿಯಾಗಳನ್ನು, ಹೊಸದಾಗಿ ಕೇಳುವವರು ಬಹಳ ಮಂದಿ ಹೀಗೇ ಲೆಕ್ಕ ಹಾಕುತ್ತಾರೆ. ವೇಗ, ಶ್ರುತಿ ಹೇಳುವ ಫೋನಿನ ಆ್ಯಪ್ ಕೊಟ್ಟ ಉತ್ತರವನ್ನು ಹಾಗೇ ಬರೆದುಕೊಂಡು ಮುಗಿಸಿಬಿಡುತ್ತಾರೆ. ಈ ಲೆಕ್ಕ ಪೂರ್ತಿ ತಲೆಕೆಳಗಾಗುವ ಹಾಡು ಇಟಲಿಯ ಸಂಗೀತಕಾರ ದೊನಿಝೆತ್ತಿಯ ‘ಊನಾ ಫುರ್ತಿವಾ ಲಾಗ್ರಿಮಾ’. 1832ರಲ್ಲಿ ಮಿಲಾನ್‌ನಲ್ಲಿ ಮೊದಲು ರಂಗಕ್ಕೆ ಬಂದ ‘ಲೆಲಿಸಿರ್ ದಮೋರೆ’ ಎಂಬ ನಗೆ ಒಪೆರಾದ್ದು. ಅದನ್ನೇ ಇಟ್ಟುಕೊಂಡು ಕಲಿಯೋಣ.

ಹಂತ 1: ಒಳ್ಳೆಯ ಧ್ವನಿಮುದ್ರಣ ಆರಿಸಿ. ಆರ್ಕೆಸ್ಟ್ರಾ ಜೊತೆಗಿನದ್ದೇ ಇರಲಿ. ‘432 ಹರ್ಟ್ಸ್’ ಎಂದು ಹೆಸರು ಹಚ್ಚಿದ ವಿಡಿಯೊಗಳ ಕಡೆ ಹೋಗಲೇಬೇಡಿ. ವಾದ್ಯಗಳನ್ನು ಹೊಂದಿಸುವ ಈಗಿನ 440 ಹರ್ಟ್ಸ್ ಅಳತೆಯಿಂದ ಶ್ರುತಿಯನ್ನು ಬೇಕೆಂದೇ ಇಳಿಸಿರುತ್ತಾರೆ, ಅರ್ಧ ಸ್ವರದ ಮೂರರಲ್ಲಿ ಒಂದು ಪಾಲಿನಷ್ಟು. ಕಲಿಯುವ ಕಿವಿಗೆ ಅದರಿಂದ ಬರೀ ಗೊಂದಲ.

ಹಂತ 2: ವೇಗ. ಹಾಡುಗಾರ ಬಾಯಿ ತೆರೆಯುವ ಮೊದಲೇ ಎಣಿಸಿ. ಶುರುವಿನಲ್ಲಿ ಬಸೂನ್ ಎಂಬ ದಪ್ಪ ದನಿಯ ಊದುವಾದ್ಯ ರಾಗ ನುಡಿಸುತ್ತದೆ, ಕೆಳಗೆ ಹಾರ್ಪ್ ಸಮನಾಗಿ ಮೀಟುತ್ತಿರುತ್ತದೆ. ಆ ಹಾರ್ಪನ್ನು ಹಿಡಿದುಕೊಳ್ಳಿ. ತಾಳ 6/8. ನಮಗೆ ಇದು ತಿಶ್ರ ನಡೆಯೇ ಅಲ್ವಾ? ‘ತಕಿಟ ತಕಿಟ’ ಎಂದುಕೊಳ್ಳುತ್ತಾ ‘ತ’ ಬಂದಾಗ ಮಾತ್ರ ತಟ್ಟಿ. 20 ಸೆಕೆಂಡು ಎಣಿಸಿ ಮೂರರಿಂದ ಗುಣಿಸಿ. ಎಷ್ಟೋ ಆ್ಯಪ್‌ಗಳು ಮೂರೂ ಅಕ್ಷರ ಎಣಿಸಿ ಮೂರು ಪಟ್ಟು ಜಾಸ್ತಿ ತೋರಿಸುತ್ತವೆ. ಹಾಡು ಶುರುವಾದ ಮೇಲೆ ಗಾಯಕ ಎಳೆಯುತ್ತಾನೆ, ತಡೆಯುತ್ತಾನೆ. ಅದಕ್ಕೇ ಒಂದು ಸಂಖ್ಯೆ ಬೇಡ, ‘ಇಷ್ಟರಿಂದ ಇಷ್ಟು’ ಎಂದು ಬರೆಯಿರಿ. ಕೊನೆಯಲ್ಲಿ ವಾದ್ಯಗಳು ನಿಂತು ಗಾಯಕನೊಬ್ಬನೇ ಹಾಡುವ ಭಾಗವನ್ನು ಎಣಿಸುವುದೇ ಬೇಡ. ಸ್ವರಪುಸ್ತಕದಲ್ಲಿರುವ ಸೂಚನೆ ‘ಲಾರ್ಗೆಟ್ಟೊ’, ಅಂದರೆ ನಿಧಾನ, ಆದರೆ ತೀರಾ ಜಗ್ಗುವಷ್ಟಲ್ಲ.

ಹಂತ 3: ಶ್ರುತಿ. ಎಲ್ಲರೂ ಎಡವುವುದು ಇಲ್ಲೇ. ಇಲ್ಲಿ ಅವಸರ ಬೇಡ.

ಆ್ಯಪ್ ಒಮ್ಮೆ ‘ಬಿ ಫ್ಲಾಟ್ ಮೈನರ್’ ಅನ್ನುತ್ತದೆ, ಇನ್ನೊಮ್ಮೆ ‘ಡಿ ಫ್ಲಾಟ್ ಮೇಜರ್’ ಅನ್ನುತ್ತದೆ. ಎರಡರಲ್ಲೂ ಬಳಸುವ ಸ್ವರಗಳು ಅವೇ. ಬೇರೆ ಇರುವುದು ಷಡ್ಜ ಮಾತ್ರ. ಷಡ್ಜ ಹುಡುಕುವುದಕ್ಕೆ ನಮ್ಮ ತಂಬೂರಿ ಆ್ಯಪ್ಪೇ ಸಾಕು. ಕಪ್ಪು ಐದಕ್ಕೆ (ಹಾರ್ಮೋನಿಯಮ್ಮಿನ ಐದನೇ ಕಪ್ಪು ಮನೆ) ಇಟ್ಟು ಸಣ್ಣಗೆ ಹಾಕಿಕೊಳ್ಳಿ. ಹಾಡಿನುದ್ದಕ್ಕೂ ಅದು ಹೊಂದುವುದಿಲ್ಲ, ಕೆಳಗಿನ ಹಾರ್ಮನಿ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬದಲಾಗುತ್ತಲೇ ಇರುತ್ತದೆ. ಸಾಲು ಮುಗಿಯುವ ಜಾಗದಲ್ಲಿ ಮಾತ್ರ ಕಿವಿ ಕೊಡಿ. ಮೊದಲ ಸಾಲುಗಳಲ್ಲಿ ಕಪ್ಪು ಐದು ಹೊಂದುತ್ತದೆ. ಅದೇ ಬಿ ಫ್ಲಾಟ್.

ಈಗ ‘ಮಾಮಾ’ ಎಂಬ ಮಾತಿಗೆ ಕಾಯಿರಿ. ‘ಅವಳು ನನ್ನನ್ನು ಪ್ರೀತಿಸುತ್ತಾಳೆ’ ಎಂದು ಹುಡುಗ ಹೇಳುವ ಜಾಗ ಅದು. ತಂಬೂರಿ ಹೊಂದುವುದಿಲ್ಲ. ಕಪ್ಪು ಒಂದಕ್ಕೆ ಬದಲಿಸಿ, ಥಟ್ಟನೆ ಕೂರುತ್ತದೆ. ಹಾಡು ಡಿ ಫ್ಲಾಟ್ ಮೇಜರಿಗೆ ಬಂದುಬಿಟ್ಟಿದೆ. ಎರಡನೇ ಚರಣ ಮತ್ತೆ ಕಪ್ಪು ಐದರಿಂದಲೇ ಹೊರಡುತ್ತದೆ, ಆದರೆ ಈ ಸಲ ಷಡ್ಜ ಜಾಗ ಬಿಡುವುದಿಲ್ಲ. ಮುಖ್ಯವಾಗಿ ಗಾಂಧಾರ ಅರ್ಧ ಸ್ವರ ಮೇಲೇರುತ್ತದೆ. ಸಾಧಾರಣ ಗಾಂಧಾರ ಹೋಗಿ ಅಂತರ ಗಾಂಧಾರ ಬರುತ್ತದೆ. ಬಿ ಫ್ಲಾಟ್ ಮೈನರ್ ಇದ್ದದ್ದು ಬಿ ಫ್ಲಾಟ್ ಮೇಜರ್ ಆಗುತ್ತದೆ. ಈ ಎರಡು ತಿರುವುಗಳನ್ನು ಹತ್ತು ಸಲವಾದರೂ ಕೇಳಿ. ಕಿವಿಗೆ ಸಿಗುವವರೆಗೂ ಮುಂದೆ ಹೋಗಬೇಡಿ.

ಹಳೆಯ ಗ್ರಾಮಫೋನ್ ತಟ್ಟೆಯಿಂದ ಬಂದ ಧ್ವನಿಯಾದರೆ ಇನ್ನೊಂದು ಎಚ್ಚರ ಬೇಕು. ಹೆಸರಾಂತ ಗಾಯಕ ಕರೂಸೊ ಇದನ್ನು 1904ರಲ್ಲಿ ಬರೀ ಪಿಯಾನೊ ಜೊತೆ ಹಾಡಿದ್ದಾನೆ, ತಪ್ಪದೆ ಕೇಳಿ. ಆ ತಟ್ಟೆಗಳಿಗೆ ಹೆಸರು ಮಾತ್ರ ‘78’. ಕೊರೆಯುವಾಗಿನ ವೇಗ ಒಂದೇ ಇರುತ್ತಿರಲಿಲ್ಲ. ನಿಮಿಷಕ್ಕೆ 74 ಸುತ್ತಿನಲ್ಲಿ ಕೊರೆದದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಏರುತ್ತದೆ, ವೇಗವೂ ಜೊತೆಗೇ ಏರುತ್ತದೆ. ಗಾಯಕನ ದನಿ ತೆಳ್ಳಗಾಗಿ ಅದರ ನಡುಕ ಚುರುಕಾಗಿದ್ದರೆ ಯಂತ್ರದ ಮೇಲೆ ಅನುಮಾನಪಡಿ, ಗಾಯಕನ ಮೇಲಲ್ಲ.

ಹಂತ 4: ಭಾವ. ಮೊದಲು ಕಥೆ ಓದಿ. ನೆಮೊರಿನೊ ಬಡ ಹಳ್ಳಿ ಹುಡುಗ, ಅದೀನಾ ಜಮೀನುಳ್ಳವಳು. ಊರೂರು ಸುತ್ತುವ ನಕಲಿ ವೈದ್ಯನೊಬ್ಬ ಅಗ್ಗದ ವೈನನ್ನೇ ವಶೀಕರಣದ ಮದ್ದು ಎಂದು ಅವನಿಗೆ ಮಾರಿದ್ದಾನೆ. ಎರಡನೇ ಬಾಟಲಿಯ ದುಡ್ಡಿಗಾಗಿ ಹುಡುಗ ಸೈನ್ಯಕ್ಕೂ ಸೇರಿದ್ದಾನೆ. ಈಗ ಊರ ಹುಡುಗಿಯರೆಲ್ಲ ಅವನ ಸುತ್ತ ಮುತ್ತಿಕೊಂಡಿದ್ದಾರೆ. ಅದನ್ನು ಕಂಡ ಅದೀನಾಳ ಕಣ್ಣಲ್ಲಿ ಅವಳು ಅಡಗಿಸಲು ನೋಡಿದ ಒಂದು ಹನಿ. ಅದನ್ನು ಅವನು ನೋಡಿಬಿಟ್ಟಿದ್ದಾನೆ. ಅಂದರೆ ಅಳು ಅವಳದು, ಹಾಡು ಅವನದು. ಅವನಿಗೆ ಇದು ಬದುಕಿನ ಅತಿ ದೊಡ್ಡ ಸಂತೋಷದ ಸುದ್ದಿ, ಜೋರಾಗಿ ಹೇಳಿದರೆ ಎಲ್ಲಿ ಸುಳ್ಳಾಗಿಬಿಡುತ್ತದೋ ಎಂಬ ಭಯವೂ ಇದೆ. ಮೈನರ್‌ನಿಂದ ಮೇಜರಿಗೆ ತಿರುಗುವ ಜಾಗಗಳಲ್ಲೇ ಆ ನಂಬಿಕೆ ಬಲವಾಗುತ್ತದೆ. ಕರೂಸೊ ಆಗಲಿ, ಮುಂದಿನ ಕಾಲದ ಗಾಯಕ ಪವರೊಟ್ಟಿ ಆಗಲಿ, ಆ ತಿರುವಿನಲ್ಲಿ ದನಿಯ ಬಣ್ಣ ಹೇಗೆ ಬದಲಿಸುತ್ತಾರೆ ಎನ್ನುವುದನ್ನು ಬರೆದುಕೊಳ್ಳಿ. ಆ ಜಾಗದಲ್ಲೂ ಬಿಕ್ಕುತ್ತಾ ಹಾಡುವ ಗಾಯಕರಿದ್ದಾರೆ. ನನಗೆ ಅದು ಒಪ್ಪುವುದೇ ಇಲ್ಲ.

ಮೈನರ್ ಸ್ವರಗಳು ನಮ್ಮ ನಠಭೈರವಿ, ಕೀರವಾಣಿಗಳ ಹತ್ತಿರ ಬರುತ್ತವೆ, ನಿಜ. ಹಾಗಂತ ಸುಮ್ನೆ ಆ ರಾಗಗಳ ಭಾವವನ್ನು ಇದಕ್ಕೆ ಅಂಟಿಸಬೇಡಿ.

‘ಭಾವ’ದ ಜಾಗದಲ್ಲಿ ಒಂದೇ ಪದ ಬರೆಯಬೇಡಿ. ಎಲ್ಲಿಂದ ಎಲ್ಲಿಗೆ ಹೋಯಿತು, ಯಾವ ಮಾತಿನ ಹತ್ತಿರ ತಿರುಗಿತು ಎಂದು ಬರೆಯಿರಿ. ಮುಂದಿನ ಅಭ್ಯಾಸಕ್ಕೆ ಇನ್ನೊಬ್ಬ ಇಟಲಿ ಸಂಗೀತಕಾರ ಪುಚ್ಚಿನಿಯ ‘ಕೆ ಜೆಲಿದಾ ಮನೀನಾ’ ತೆಗೆದುಕೊಳ್ಳಿ. ಅದು ಡಿ ಫ್ಲಾಟ್‌ನಲ್ಲಿದೆ, ಆದರೆ ಅದರಲ್ಲಿನ ತೀರಾ ಎತ್ತರದ ಸ್ವರಕ್ಕೆ ಹೆದರಿ ಅರ್ಧ ಸ್ವರ ಇಳಿಸಿ ಹಾಡುವವರು ಬೇಕಾದಷ್ಟು ಜನ. ಹಾಗಾಗಿ ತಂಬೂರಿಯನ್ನು ಕಪ್ಪು ಒಂದರಲ್ಲೂ ಬಿಳಿ ಒಂದರಲ್ಲೂ ಇಟ್ಟು ನೋಡಿ.