ವಾರಕ್ಕೆ ಒಂದೇ ದಿನ: ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವ ಬಗೆ

ನನಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳು ಊದಿ ಸವೆಯುವ ಕಾಯಿಲೆ, ಶುರುವಾಗಿ ಒಂಬತ್ತು ವರ್ಷವಾಯಿತು. ಆಗ ಬೆಳಗ್ಗೆ ಎದ್ದರೆ ಟೂತ್‌ಪೇಸ್ಟ್ ಮುಚ್ಚಳ ತಿರುಗಿಸಲೂ ಆಗುತ್ತಿರಲಿಲ್ಲ. ಬೆರಳ ಗೆಣ್ಣುಗಳು ಊದಿಕೊಂಡಿರುತ್ತಿದ್ದವು. ಮುಷ್ಟಿ ಕಟ್ಟಲು ಒಂದೂವರೆ ಗಂಟೆ ಬೇಕಾಗುತ್ತಿತ್ತು. ಇದಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ಹೊಸದಾಗಿ ಶುರು ಮಾಡಿದವರು ನನ್ನನ್ನು ಕೇಳುವ ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಡೋಸ್ ಎಷ್ಟು ಅನ್ನುವುದನ್ನು ಮಾತ್ರ ನಿಮ್ಮ ಡಾಕ್ಟರೇ ಹೇಳಬೇಕು.

ನೋವಿನ ಮಾತ್ರೆ ಬೇರೆ, ಇದು ಬೇರೆ. ನೋವಿನ ಮಾತ್ರೆ ಕೆಲವು ಗಂಟೆ ಆರಾಮ ಕೊಡುತ್ತದೆ, ಆದರೆ ಕೀಲು ಸವೆಯುವುದನ್ನು ತಡೆಯುವುದಿಲ್ಲ. ಸುಮ್ನೆ ಅದನ್ನೇ ನುಂಗುತ್ತಾ ಹೋದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು. ಮೆಥೋಟ್ರೆಕ್ಸೇಟ್ ರೋಗವನ್ನೇ ಹತೋಟಿಗೆ ತರುತ್ತದೆ. ಇದನ್ನು ಕ್ಯಾನ್ಸರ್‌ಗೂ ಕೊಡುತ್ತಾರೆ ಅಂತ ಓದಿ ನಾನು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಅಲ್ಲಿನ ಡೋಸ್ ಎಷ್ಟೋ ಪಟ್ಟು ಜಾಸ್ತಿ. ನಮಗೆ ಕೊಡುವುದು ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ.

ವಾರಕ್ಕೆ ಅಂದೆ, ದಿನಕ್ಕಲ್ಲ. ಇದನ್ನು ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ, ಅದನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯಿರಿ. ನನ್ನದು ಬುಧವಾರ. ರಾತ್ರಿ ಊಟವಾದ ಮೇಲೆ ನುಂಗಿ ಮಲಗುತ್ತೇನೆ, ಹೊಟ್ಟೆ ತೊಳಸಿದರೂ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಬುಧವಾರ ಮರೆತು ಎರಡು ದಿನದೊಳಗೆ ನೆನಪಾದರೆ ತೆಗೆದುಕೊಳ್ಳಬಹುದು. ಅದೂ ದಾಟಿದರೆ ಆ ವಾರ ಬಿಟ್ಟುಬಿಡಿ. ಮುಂದಿನ ವಾರ ಸೇರಿಸಿ ಡಬಲ್ ನುಂಗಬೇಡಿ.

ಸ್ಟ್ರಿಪ್ ಮೇಲಿನ ಅಂಕಿಯನ್ನು ಪ್ರತಿಸಲ ಓದಿ. ನನ್ನ ಡೋಸ್ 15 ಮಿಲಿಗ್ರಾಂ ಇತ್ತು, ಅಂದರೆ 2.5ರ ಆರು ಮಾತ್ರೆ. ಒಂದು ಸಲ ಮೆಡಿಕಲ್ ಶಾಪ್‌ನವರು 10ರ ಸ್ಟ್ರಿಪ್ ಕೊಟ್ಟುಬಿಟ್ಟರು. ಅದೇ ಹಳದಿ ಬಣ್ಣ, ಅಷ್ಟೇ ಪುಟ್ಟ ಮಾತ್ರೆ. ಅಂಗೈಯಲ್ಲಿ ಆರು ಎಣಿಸಿಕೊಂಡು ನೀರಿನ ಲೋಟ ಎತ್ತಿದ್ದೆ. ಖಾಲಿ ಸ್ಟ್ರಿಪ್ ತಿರುಗಿ ಬಿದ್ದಾಗ 10 ಅನ್ನುವುದು ಕಂಡಿತು. ನುಂಗಿದ್ದರೆ 60 ಮಿಲಿಗ್ರಾಂ! ಅವತ್ತಿನಿಂದ ಅಂಗಡಿಯಲ್ಲೇ ನಿಂತು ಅಂಕಿ ಓದಿ ತರುತ್ತೇನೆ.

ಇದರ ಜೊತೆ ಫೋಲಿಕ್ ಆಸಿಡ್ ಬರೆದುಕೊಡುತ್ತಾರೆ. ವಿಟಮಿನ್ ತಾನೇ ಅಂತ ಬಿಡಬೇಡಿ. ಬಾಯಿಹುಣ್ಣು, ವಾಕರಿಕೆ ಕಡಿಮೆಯಾಗುವುದು ಅದರಿಂದಲೇ. ಯಾವ ದಿನ ಅಂತ ಡಾಕ್ಟರನ್ನು ಕೇಳಿ. ಸಾಮಾನ್ಯವಾಗಿ ಫೋಲಿಕ್ ಆಸಿಡನ್ನು ಮೆಥೋಟ್ರೆಕ್ಸೇಟ್ ನುಂಗುವ ದಿನ ಬೇಡ, ಬೇರೆ ದಿನ ಅನ್ನುತ್ತಾರೆ.

ಇನ್ನು ಕಾಯುವ ಕಷ್ಟ. ಪರಿಣಾಮ ಕಾಣಲು 6ರಿಂದ 12 ವಾರ ಬೇಕು. ಅಲ್ಲಿಯತನಕ ದೂಡಲು ಕೆಲವರಿಗೆ ಸ್ಟೀರಾಯ್ಡ್ ಕೊಡುತ್ತಾರೆ, ಅದನ್ನು ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಐದನೇ ವಾರ ನನಗೆ ಅಳು ಬಂದಿತ್ತು, ಏನೂ ಬದಲಾಗಿಲ್ಲ ಅನ್ನಿಸುತ್ತಿತ್ತು. ಆದರೆ ಡಾಕ್ಟರ್ ಹೇಳಿದ್ದರು ಅಂತ ಒಂದು ನೋಟ್‌ಬುಕ್ ಇಟ್ಟಿದ್ದೆ. ಎದ್ದ ಮೇಲೆ ಎಷ್ಟು ನಿಮಿಷಕ್ಕೆ ಮುಷ್ಟಿ ಕಟ್ಟಲು ಆಯಿತು, ದಿನಾ ಅಷ್ಟೇ ಬರೆಯುವುದು. ಮೊದಲ ವಾರ 90, 85, 90. ಐದನೇ ವಾರ 70. ಹತ್ತನೇ ವಾರ 30. ನೋವು ಇಂದು ಹೆಚ್ಚು, ನಾಳೆ ಕಡಿಮೆ ಅಂತ ಆಟ ಆಡಿಸುತ್ತದೆ, ಅಂಕಿ ಹಾಗಲ್ಲ. ನೀವೂ ಬರೆದಿಡಿ. ಡೋಸ್ ಹೆಚ್ಚಿಸಬೇಕೋ ಬೇಡವೋ ಅನ್ನಲು ಡಾಕ್ಟರಿಗೂ ಅದು ಬೇಕು.

ರಕ್ತಪರೀಕ್ಷೆ ತಪ್ಪಿಸಬೇಡಿ. ಲಿವರ್, ಕಿಡ್ನಿ, ರಕ್ತಕಣ ಮೂರನ್ನೂ ನೋಡುತ್ತಾರೆ. ಮೊದಮೊದಲು ಕೆಲವು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಮದ್ಯದಿಂದ ಲಿವರ್ ಮೇಲೆ ಇನ್ನಷ್ಟು ಹೊರೆ ಬೀಳುತ್ತದೆ, ದೂರವಿಡಿ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಲೇಬಾರದು, ಮಗು ಬೇಕು ಅಂತಿದ್ದರೆ ತಿಂಗಳುಗಳ ಮುಂಚೆಯೇ ಡಾಕ್ಟರಿಗೆ ಹೇಳಿ. ಬೇರೆ ಯಾವ ಡಾಕ್ಟರ್ ಹತ್ತಿರ ಹೋದರೂ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೇನೆ ಅಂತ ಮೊದಲೇ ತಿಳಿಸಿ. ಕೋಟ್ರೈಮೋಕ್ಸಜೋಲ್ ಅನ್ನುವ ಆಂಟಿಬಯಾಟಿಕ್ ಇದರ ಜೊತೆ ಸೇರಿದರೆ ತುಂಬಾ ಅಪಾಯ. ಜ್ವರ, ಒಣಕೆಮ್ಮು, ಉಸಿರಾಟದ ತೊಂದರೆ ಬಂದರೆ ಮುಂದಿನ ಡೋಸ್ ನುಂಗದೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.

ಎರಡನೇ ವರ್ಷ ನಾನು ಚೆನ್ನಾಗಿದ್ದೇನಲ್ಲ ಅಂತ ನಾನೇ ನಿಲ್ಲಿಸಿಬಿಟ್ಟೆ. ಏಳನೇ ವಾರಕ್ಕೆ ಮಣಿಕಟ್ಟು ಊದಿತು. ಮತ್ತೆ ಶುರು ಮಾಡಿದ ಮೇಲೆ ಮೊದಲಿನ ಸ್ಥಿತಿಗೆ ಬರಲು ಮೂರು ತಿಂಗಳು ಹಿಡಿಯಿತು. ಕಡಿಮೆ ಮಾಡಬೇಕು ಅನ್ನಿಸಿದರೆ ನೋಟ್‌ಬುಕ್ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗಿ. ಇಳಿಸಬಹುದಾದರೆ ಅವರೇ ನಿಧಾನಕ್ಕೆ ಇಳಿಸುತ್ತಾರೆ. ನನ್ನದು ಆರರಿಂದ ಐದು ಮಾತ್ರೆಗೆ ಇಳಿದದ್ದು ಕಳೆದ ವರ್ಷ.