ಬಗೆಹರಿಯದ ಕೆಲಸಕ್ಕೆ ವಿಭಾಗದ ಹೆಸರು ಹಾಕಬೇಡಿ
ಸಿಕ್ಕಿಹಾಕಿಕೊಂಡಿರುವ ಕೆಲಸಗಳನ್ನು ನಿಮ್ಮ ಟೀಂ ಮೀಟಿಂಗಿನಲ್ಲೇ ಹೇಳಿ ಮುಗಿಸಬೇಡಿ. ಒಂದೊಂದೇ ಸಾಲಿನಲ್ಲಿ ಬರೆದು ಕ್ಯಾಂಟೀನ್ ಹತ್ತಿರ ಎಲ್ಲರಿಗೂ ಕಾಣುವಂತೆ ಬೋರ್ಡಿಗೆ ಹಾಕಿ. ಯಾವ ವಿಭಾಗದ್ದು ಅಂತ ಮಾತ್ರ ಬರೆಯಬೇಡಿ, ಬರೆದರೆ ‘ಅದು ನಮ್ಮದಲ್ಲ’ ಅಂತ ಜನ ಮುಂದೆ ಹೋಗ್ತಾರೆ. ಒಬ್ಬರ ಕಗ್ಗಂಟಿಗೆ ಬೇಕಾದ ಎಳೆ ಇನ್ನೊಬ್ಬರ ಕೈಯಲ್ಲಿರುತ್ತೆ: 3ಎಂ ಕಂಪನಿಯಲ್ಲಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಮಾಡಿದ, ಗಟ್ಟಿಯಾಗಿ ಹಿಡಿಯದ ಅಂಟಿಗೆ ಉಪಯೋಗ ಕಂಡುಕೊಂಡದ್ದು ಸಹೋದ್ಯೋಗಿ ಆರ್ಟ್ ಫ್ರೈ; ಅದೇ ಪೋಸ್ಟ್-ಇಟ್ ಅನ್ನೋ, ಅಂಟಿಸಿ ಮತ್ತೆ ಕೀಳಬಹುದಾದ ಚೀಟಿ ಆಯ್ತು. (ಸಿಲ್ವರ್ ಅದನ್ನು ಕಂಪನಿಯೊಳಗೆ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದರು, ನನಗೆ ಅದೇ ಮುಖ್ಯ ಅನ್ಸುತ್ತೆ.) ‘ನೀನೇ ಹೇಳಿದ್ಯಲ್ಲ, ನೀನೇ ಮಾಡು’ ಅನ್ನುವ ಮ್ಯಾನೇಜರ್ ಇದ್ದಲ್ಲಿ ಇದು ನಡೆಯಲ್ಲ. ಬೇರೆಯವರಿಗೆ ಕೊಟ್ಟ ಗಂಟೆಗಳು ಅಪ್ರೈಸಲ್‌ನಲ್ಲಿ ಲೆಕ್ಕಕ್ಕೆ ಬಾರದಿದ್ದರೂ ಅಷ್ಟೇ.