ದೊಡ್ಡ ಗ್ರಾಫಿಕ್ಸ್ ಕಾರ್ಡ್ ಅಲ್ಲ, ವೇಗದ ಪ್ರೊಸೆಸರ್ ಕೋರ್: ವರ್ಚುವಲ್ ಲೋಕ ಓಡಿಸಿದ ನನ್ನ ಅನುಭವ

ಸೆಕೆಂಡ್ ಲೈಫ್ ಎಂಬ ಆನ್‌ಲೈನ್ 3ಡಿ ಲೋಕದಲ್ಲಿ ಇಪ್ಪತ್ತು ಅವತಾರಗಳು (ಬಳಕೆದಾರರ 3ಡಿ ರೂಪಗಳು) ಸೇರಿದ ಸಭೆ, ಡ್ರಾ ಡಿಸ್ಟೆನ್ಸ್ (ಎಷ್ಟು ದೂರದವರೆಗೆ ಬಿಡಿಸಬೇಕು ಎಂಬ ಮಿತಿ) 96 ಮೀಟರ್, ನೆರಳು ಆಫ್, 1080ಪಿ ಮಾನಿಟರ್. ಇಷ್ಟರಲ್ಲಿ ಆ ಲೋಕವನ್ನು ತೋರಿಸುವ ತಂತ್ರಾಂಶ (ವ್ಯೂವರ್) ಫೈರ್‌ಸ್ಟಾರ್ಮ್ ಈಗ 40 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್) ಆಸುಪಾಸಿನಲ್ಲಿ ನಿಲ್ಲುತ್ತದೆ. ಜನ ಇಲ್ಲದ ಜಾಗದಲ್ಲಿ 90 ದಾಟುತ್ತದೆ. ಯಂತ್ರಕ್ಕೆ ಬಿದ್ದದ್ದು ಸುಮಾರು 38 ಸಾವಿರ. ಹಳೆಯದನ್ನು ಮಾರಿ ಬಂದದ್ದು ಕಳೆದರೆ 28 ಸಾವಿರದ ಹತ್ತಿರ. ಇದರ ಎರಡು ಪಟ್ಟು ಬೆಲೆಯ ಗೇಮಿಂಗ್ ಪಿಸಿ ಇಟ್ಟುಕೊಂಡವರು ಅದೇ ಸಭೆಯಲ್ಲಿ 20ರ ಕೆಳಗೆ ಒದ್ದಾಡುವುದನ್ನು ನೋಡಿದ ಮೇಲೆ ಇದನ್ನು ಬರೆದಿಡಬೇಕು ಅನಿಸಿತು.

ಕಾಸರಗೋಡಿನಿಂದ ಮಂಗಳೂರಿನವರೆಗೆ ಯಾವ ಅಂಗಡಿಯಲ್ಲಿ ಕೇಳಿದರೂ ಒಂದೇ ಉತ್ತರ: "ಕಾರ್ಡ್ ದೊಡ್ಡದು ಹಾಕಿ ಮಾರಾಯ್ರೆ, ಪ್ರೊಸೆಸರ್ ಯಾವುದಾದ್ರೂ ನಡೀತದೆ." ಸಾಮಾನ್ಯ ಆಟಗಳಿಗೆ ಈ ಮಾತು ಮುಕ್ಕಾಲು ಪಾಲು ಸರಿ. ಸೆಕೆಂಡ್ ಲೈಫ್, ಅಂಥದ್ದೇ ಲೋಕವನ್ನು ನಮ್ಮದೇ ಯಂತ್ರದಲ್ಲಿ ನಡೆಸಬಹುದಾದ ಓಪನ್‌ಸಿಮ್, ಇಂಥವುಗಳಿಗೆ ಸರಿಯಲ್ಲ. ಇಲ್ಲಿ ಕಣ್ಣಿಗೆ ಬೀಳುವ ಪ್ರತಿ ಕುರ್ಚಿ, ಕೂದಲು, ಬಳೆ ಹೆಚ್ಚುಕಡಿಮೆ ಎಲ್ಲ ಬಳಕೆದಾರರೇ ಮಾಡಿದ್ದು. ಅವನ್ನು ಒಟ್ಟುಗೂಡಿಸಿ ಹಗುರ ಮಾಡಿ ಕೊಡುವ ಕಂಪನಿ ಹಿಂದೆ ಇಲ್ಲ. ಒಂದೊಂದು ಮೆಶ್‌ನ (3ಡಿ ಆಕೃತಿಯ) ಒಂದೊಂದು ಫೇಸ್‌ಗೂ (ಬೇರೆ ಮಟೀರಿಯಲ್ ಇರುವ ಭಾಗಕ್ಕೂ) ಪ್ರೊಸೆಸರಿನಿಂದ ಕಾರ್ಡಿಗೆ ಡ್ರಾ ಕಾಲ್, ಅಂದರೆ ಬಿಡಿಸು ಎಂಬ ಆದೇಶ, ಹೋಗಬೇಕು. ಆ ಕೆಲಸದ ಹೆಚ್ಚಿನ ಪಾಲು ಪ್ರೊಸೆಸರಿನ ಒಂದೇ ಥ್ರೆಡ್ (ಕೆಲಸದ ಎಳೆ) ಮೇಲೆ ಬೀಳುತ್ತದೆ. ಅದು ತಡ ಮಾಡಿದರೆ ಎಷ್ಟು ದೊಡ್ಡ ಕಾರ್ಡ್ ಇದ್ದರೂ ಕೆಲಸ ಇಲ್ಲದೆ ಕಾಯುತ್ತಾ ಕೂರುತ್ತದೆ.

ಟಾಸ್ಕ್ ಮ್ಯಾನೇಜರ್ ನೋಡಿ ಮೋಸ ಹೋಗುವವರೇ ಹೆಚ್ಚು. 4 ಕೋರ್ 8 ಥ್ರೆಡ್ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ದುಡಿದರೂ ಒಟ್ಟು ಲೆಕ್ಕದಲ್ಲಿ ಕಾಣುವುದು 12.5 ಶೇಕಡ ಮಾತ್ರ. "ಸಿಪಿಯು ಆರಾಮಾಗಿದೆ, ಕಾರ್ಡ್ ಸಾಲದು" ಎಂಬ ತೀರ್ಮಾನ ಹುಟ್ಟುವುದು ಅಲ್ಲೇ. ವಿಂಡೋಸ್ ಆ ಥ್ರೆಡ್ಡನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಇರುವುದರಿಂದ ಬಿಡಿಬಿಡಿ ಗ್ರಾಫ್ ತೆರೆದರೂ ಯಾವುದೂ ನೂರಕ್ಕೆ ಹೋದಂತೆ ಕಾಣುವುದಿಲ್ಲ. ನೋಡಬೇಕಾದ್ದು ಜಿಪಿಯು (ಕಾರ್ಡಿನ ಚಿಪ್) ಬಳಕೆ. ಎಫ್‌ಪಿಎಸ್ 15ರಲ್ಲಿದ್ದು ಜಿಪಿಯು 35–40 ಶೇಕಡದಲ್ಲೇ ನಿಂತಿದ್ದರೆ ಅಡ್ಡಿ ಕಾರ್ಡಿನದ್ದಲ್ಲ.

ಪರೀಕ್ಷೆಯ ಅಂಕಿಗಳು ನೆನಪಿನಿಂದ, ಒಂದೆರಡು ಹೆಚ್ಚುಕಮ್ಮಿ ಇರಬಹುದು. ಮೊದಲಿನದು ಐ5-6500 ಇರುವ ಹಳೆ ಆಫೀಸ್ ಡಬ್ಬ, ಅದರಲ್ಲಿ ಜಿಟಿ 1030. ಸಭೆಯಲ್ಲಿ 8ರಿಂದ 10 ಎಫ್‌ಪಿಎಸ್. ಅದೇ ಡಬ್ಬಕ್ಕೆ ಲೋ ಪ್ರೊಫೈಲ್ ಜಿಟಿಎಕ್ಸ್ 1650 ಹಾಕಿದಾಗ 13. ಆರೇಳು ಸಾವಿರ ಸುರಿದು ಸಿಕ್ಕಿದ್ದು ಮೂರೋ ನಾಲ್ಕೋ ಫ್ರೇಮ್. ಅದೇ 1650ನ್ನು ಬಿಚ್ಚಿ ಐ3-12100ಎಫ್ ಬೋರ್ಡಿಗೆ ಹಾಕಿದಾಗ 25–26. ಕಾರ್ಡ್ ಅದೇ, ಸೆಟ್ಟಿಂಗ್ ಅದೇ, ನಿಂತ ಜಾಗವೂ ಅದೇ. ಕಾರ್ಡ್ ಬದಲಿಸಿ ಆರ್‌ಎಕ್ಸ್ 6600 ಹಾಕಿದ್ದು ಕೊನೆಗೆ, ಆಗ 33ರ ಹತ್ತಿರ. ಉಳಿದದ್ದು ಸೆಟ್ಟಿಂಗ್‌ನಿಂದ ಬಂತು.

ಜಿಟಿ 1030 ಕೊಳ್ಳುವವರಿಗೆ ಒಂದು ಮಾತು. ಅದೇ ಹೆಸರಿನಲ್ಲಿ ಎರಡು ಕಾರ್ಡ್ ಇವೆ. ಜಿಡಿಡಿಆರ್5 ಇರುವುದರ ಮೆಮೊರಿ ವೇಗ ಸೆಕೆಂಡಿಗೆ 48 ಜಿಬಿ, ಡಿಡಿಆರ್4 ಇರುವುದರದು 17 ಜಿಬಿಯೂ ಇಲ್ಲ. ಪೆಟ್ಟಿಗೆ ಮೇಲೆ ಸಣ್ಣಕ್ಷರದಲ್ಲಿ ಇರುತ್ತದೆ, ಓದಿಯೇ ದುಡ್ಡು ಕೊಡಿ. ಸ್ಲಿಮ್ ಆಫೀಸ್ ಡಬ್ಬಗಳದ್ದು ಬೇರೆ ತಾಪತ್ರಯ. ಪವರ್ ಸಪ್ಲೈ 180ರಿಂದ 240 ವಾಟ್, ಬೋರ್ಡಿನ ಕನೆಕ್ಟರ್ ಮಾಮೂಲಿ 24 ಪಿನ್ ಅಲ್ಲ, ಕಾರ್ಡಿಗೆ ಬೇರೆ ಪವರ್ ವೈರೂ ಇಲ್ಲ. ಸ್ಲಾಟ್ ಕೊಡುವ 75 ವಾಟ್‌ನಲ್ಲೇ ಮುಗಿಯಬೇಕು. ಎಡಾಪ್ಟರ್ ಸಿಕ್ಕಿಸಿ ದೊಡ್ಡ ಪವರ್ ಸಪ್ಲೈ ಹೊರಗಿಟ್ಟು ನಡೆಸುವವರಿದ್ದಾರೆ. ಹಲ್ಲಿ, ಇರುವೆ, ತೇವ ಎಲ್ಲ ಇರುವ ನಮ್ಮ ಊರಿನ ಮನೆಗಳಲ್ಲಿ ಅದಕ್ಕೆ ಕೈ ಹಾಕಬೇಡಿ.

ಈಗಿನ ಜೋಡಣೆಯ ಲೆಕ್ಕ: 12100ಎಫ್ ಎಂಟೂವರೆ ಸಾವಿರ, ಎಚ್610 ಬೋರ್ಡ್ ಆರೂವರೆ, 8 ಜಿಬಿಯ ಎರಡು ಡಿಡಿಆರ್4-3200 ರ‍್ಯಾಮ್ ಕೋಲಿಗೆ ಮೂರೂವರೆ, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿಗೆ ಮೂರು, 450 ವಾಟ್ ಬ್ರಾಂಜ್ ಪವರ್ ಸಪ್ಲೈ ಮೂರೂವರೆ, ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿದ ಸೆಕೆಂಡ್ ಹ್ಯಾಂಡ್ 6600 ಹದಿಮೂರೂವರೆ. ಕ್ಯಾಬಿನೆಟ್ ಹಳೆಯದು. ರ‍್ಯಾಮ್ ಬೆಲೆ ಏರುವ ಮೊದಲಿನ ದರ ಇದು. 16 ಜಿಬಿಯ ಒಂದೇ ಕೋಲು ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ ಎಂದು ಅದನ್ನು ತರಬೇಡಿ. ಎರಡು ಕೋಲು ಎರಡು ಚಾನೆಲ್‌ನಲ್ಲಿ ನಡೆದಾಗ ಸಭೆಯ ಎಫ್‌ಪಿಎಸ್ ಮೂರ್ನಾಲ್ಕು ಹೆಚ್ಚು, ನಡುನಡುವೆ ಬರುವ ಎಳೆತವೂ ಕಡಿಮೆ. 12100ಎಫ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬರುವ ತನಕ ಪರದೆಯಲ್ಲಿ ಏನೂ ಕಾಣದು. ಹಳೆಯ ಯಾವುದಾದರೂ ಕಾರ್ಡ್ ಕೈಯಲ್ಲಿರಲಿ.

ಸೆಕೆಂಡ್ ಹ್ಯಾಂಡ್ ಕಾರ್ಡನ್ನು ಕೈಗೆ ತೆಗೆದುಕೊಂಡ ತಕ್ಷಣ ನೋಡಬೇಕಾದ್ದು ಹಿಂದಿನ ಬ್ರಾಕೆಟ್ ಮತ್ತು ಎಚ್‌ಡಿಎಂಐ ಬಾಯಿ. ಕರಾವಳಿಯಲ್ಲಿ ಓಡಿದ ಕಾರ್ಡಾದರೆ ಬ್ರಾಕೆಟ್ ಅಂಚಿನಲ್ಲಿ ಕಂದು ಚುಕ್ಕೆ, ಬಾಯಿಯ ಒಳಗೆ ಹಸಿರು ಛಾಯೆ ಇರುತ್ತದೆ. ಅಂಥದ್ದು ಅಗ್ಗಕ್ಕೆ ಬಂದರೂ ಬೇಡ. ಬ್ಯಾಕ್‌ಪ್ಲೇಟ್ ಅಂಚಿನಲ್ಲಿ ಎಣ್ಣೆ ಒಸರಿದ್ದರೆ ಥರ್ಮಲ್ ಪ್ಯಾಡ್ (ಬಿಸಿ ದಾಟಿಸುವ ಮೆತ್ತೆ) ಮುಗಿಯುತ್ತ ಬಂದಿರಬಹುದು. ಬದಲಿಸಲು ಐನೂರು ಸಾಕು, ಅಷ್ಟು ಚೌಕಾಸಿ ಮಾಡಬಹುದು. ಕ್ರಿಪ್ಟೊ ಮೈನಿಂಗ್‌ನಲ್ಲಿ ದುಡಿದ ಆರ್‌ಎಕ್ಸ್ 570 ಒಂದು ಐದು ಸಾವಿರಕ್ಕೆ ಬಂದಿತ್ತು. ಬೆಂಚ್‌ಮಾರ್ಕ್ ಎಲ್ಲ ಪಾಸ್, ಸೆಕೆಂಡ್ ಲೈಫ್‌ನಲ್ಲಿ ಅರ್ಧ ಗಂಟೆ ಕಳೆದ ಮೇಲೆ ಗೋಡೆಗಳ ಮೇಲೆ ಚೌಕಚೌಕ ಕಲೆ. ವಿಡಿಯೊ ಮೆಮೊರಿ ಮುಕ್ಕಾಲು ತುಂಬಿದ ಮೇಲೆ ಮಾತ್ರ ಕಾಣುವ ದೋಷ ಅದು. ಕಾರ್ಡ್ ಪರೀಕ್ಷಿಸುವುದಾದರೆ ಮೆಮೊರಿ ತುಂಬಿಸಿಯೇ ಪರೀಕ್ಷಿಸಿ.

6600ಕ್ಕೆ ಹೋದ ಕಾರಣ ವೇಗ ಅಲ್ಲ, 8 ಜಿಬಿ ಮೆಮೊರಿ. ಲೆಕ್ಕ ಹಾಕಿ ನೋಡಿ: 1024 ಪಿಕ್ಸೆಲ್ ಚೌಕದ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಒಂದು ಬಿಚ್ಚಿದ ಮೇಲೆ 4 ಎಂಬಿ, ಮಿಪ್‌ಮ್ಯಾಪ್ (ಅದರ ಚಿಕ್ಕ ಪ್ರತಿಗಳು) ಸೇರಿ ಐದೂ ಕಾಲಿಗಿಂತ ತುಸು ಹೆಚ್ಚು. 2048 ಆದರೆ 16, ಮಿಪ್ ಸೇರಿ 21. ಪಿಬಿಆರ್ (ಬೆಳಕಿಗೆ ನಿಜದಂತೆ ಸ್ಪಂದಿಸುವ) ಮಟೀರಿಯಲ್ ಒಂದಕ್ಕೆ ಬೇಸ್ ಕಲರ್, ನಾರ್ಮಲ್, ಮೆಟಾಲಿಕ್-ರಫ್‌ನೆಸ್, ಎಮಿಸಿವ್ ಎಂದು ನಾಲ್ಕು. ಎಲ್ಲವೂ 2048 ಇದ್ದರೆ ಒಂದೇ ಮೇಲ್ಮೈಗೆ 85 ಎಂಬಿ. 4 ಜಿಬಿ ಕಾರ್ಡಿನಲ್ಲಿ ಮೆಮೊರಿ ತುಂಬಿದಾಗ ಎಫ್‌ಪಿಎಸ್ ಅಷ್ಟಾಗಿ ಬೀಳುವುದಿಲ್ಲ. ಬದಲಿಗೆ ಎದುರಿನ ಗೋಡೆ ಸ್ಪಷ್ಟವಾಗಿ ಮೂಡಿ ಮತ್ತೆ ಮಬ್ಬಾಗುತ್ತದೆ, ಮತ್ತೆ ಸ್ಪಷ್ಟ, ಮತ್ತೆ ಮಬ್ಬು. ಇದನ್ನು ನೆಟ್ ನಿಧಾನ ಎಂದುಕೊಂಡು ಪ್ಲಾನ್ ಏರಿಸುವವರಿದ್ದಾರೆ. ನೆಟ್‌ಗೂ ಇದಕ್ಕೂ ಸಂಬಂಧ ಇಲ್ಲ.

ಹಳೆ ವ್ಯೂವರ್‌ನಲ್ಲಿ ಅಡ್ವಾನ್ಸ್ಡ್ ಲೈಟಿಂಗ್ ಆಫ್ ಮಾಡಿ ಬಚಾವಾಗುತ್ತಿದ್ದ ದಾರಿ ಪಿಬಿಆರ್ ಬಂದ ಮೇಲೆ ಮುಚ್ಚಿತು. ಈಗ ಉಳಿದಿರುವ ಹಿಡಿತಗಳಲ್ಲಿ ದೊಡ್ಡದು ನೆರಳು. ಅದು ಆಫ್ ಇರಲಿ, ಫೋಟೊ ತೆಗೆಯುವಾಗ ಮಾತ್ರ ಆನ್. ಎರಡನೆಯದು ಪೂರ್ತಿ ಬಿಡಿಸುವ ಅವತಾರಗಳ ಸಂಖ್ಯೆ: 10–12ಕ್ಕೆ ಇಳಿಸಿದರೆ ದೂರದವರು ಚಪ್ಪಟೆ ಚಿತ್ರವಾಗುತ್ತಾರೆ, ಸಭೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನನ್ನಲ್ಲಿ 33ರಿಂದ 40ಕ್ಕೆ ಏರಿದ್ದು ಮುಖ್ಯವಾಗಿ ಇದರಿಂದ. ಕಾಂಪ್ಲೆಕ್ಸಿಟಿ (ಅವತಾರ ಎಷ್ಟು ಭಾರ ಎಂಬ ಅಂಕಿ) ಮಿತಿ ಒಂದೂವರೆ ಲಕ್ಷದ ಹತ್ತಿರ ಇಟ್ಟಿದ್ದೇನೆ. ಆದರೆ ಆ ಅಂಕಿಯನ್ನು ಪೂರ್ತಿ ನಂಬಬೇಡಿ. ಕಡಿಮೆ ಅಂಕಿ ತೋರಿಸುವ ದೇಹಗಳೂ ತುಂಡುತುಂಡು ಫೇಸ್‌ಗಳಿಂದಾಗಿ ಪ್ರೊಸೆಸರನ್ನು ಹಿಂಡುತ್ತವೆ. ಆಬ್ಜೆಕ್ಟ್ ಎಲ್‌ಒಡಿ (ದೂರದ ವಸ್ತುಗಳ ವಿವರದ ಮಟ್ಟ) 2ರಲ್ಲಿ ಸಾಕು, 4ರ ಮೇಲೆ ಏರಿಸುವುದು ವ್ಯರ್ಥ. ರಿಫ್ಲೆಕ್ಷನ್ ಕವರೇಜ್ ಕೈಯಾರೆ ಇಟ್ಟ ಪ್ರೋಬ್‌ಗಳಿಗೆ (ಸುತ್ತಲಿನ ಪ್ರತಿಬಿಂಬ ಹಿಡಿಯುವ ಬಿಂದುಗಳಿಗೆ) ಮಾತ್ರ.

ಕ್ಯಾಶ್ (ಇಳಿಸಿಕೊಂಡ ಫೈಲುಗಳ ಸಂಗ್ರಹ) ಎನ್‌ವಿಎಂಇ ಮೇಲೆ, ದೊಡ್ಡದಾಗಿ, ಮತ್ತು ಆಂಟಿವೈರಸ್ ಅದರ ಹತ್ತಿರ ಸುಳಿಯದಂತೆ ಎಕ್ಸ್‌ಕ್ಲೂಶನ್ ಹಾಕಿ. ಟೆಕ್ಸ್ಚರ್‌ಗಳು ಜೆಪೆಗ್ 2000ದಲ್ಲಿ ಬರುತ್ತವೆ, ಬಿಚ್ಚುವುದೇ ಪ್ರೊಸೆಸರಿಗೆ ಭಾರ. ನಡುವೆ ಡಿಫೆಂಡರ್ ಒಂದೊಂದು ಫೈಲನ್ನೂ ತೆರೆದು ನೋಡಿದರೆ ಟೆಲಿಪೋರ್ಟ್ ಆದ ಮೇಲೆ ಎರಡು ನಿಮಿಷ ಎಲ್ಲ ಬೂದು ಬಣ್ಣ. ರ‍್ಯಾಮ್ ಡಿಸ್ಕ್ ಮೇಲೂ ಕ್ಯಾಶ್ ಇಟ್ಟು ನೋಡಿದ್ದಾಯಿತು. ಎನ್‌ವಿಎಂಇಗಿಂತ ಕಣ್ಣಿಗೆ ಕಾಣುವ ಲಾಭ ಇಲ್ಲ, 4 ಜಿಬಿ ರ‍್ಯಾಮ್ ಮಾತ್ರ ನಷ್ಟ.

ಎಎಂಡಿ ಕಾರ್ಡಿಗೆ ಓಪನ್‌ಜಿಎಲ್ (ಈ ವ್ಯೂವರ್‌ಗಳು ಚಿತ್ರ ಬಿಡಿಸಲು ಬಳಸುವ ಪದ್ಧತಿ) ಆಗದು ಎಂಬ ಮಾತು ವಿಂಡೋಸ್‌ನಲ್ಲಿ ಬಹುಕಾಲ ನಿಜವಾಗಿತ್ತು. 2022ರ ಜುಲೈಯ 22.7.1 ಡ್ರೈವರ್‌ನಿಂದ ಅದು ಬದಲಾಯಿತು. ಈಗಲೂ ಹಳೆ ಡ್ರೈವರ್‌ನಲ್ಲೇ ಇರುವವರು ಮೊದಲು ಅದನ್ನು ಬದಲಿಸಿ. ಲಿನಕ್ಸ್‌ನಲ್ಲಿ ಮೆಸಾ ಡ್ರೈವರ್ ಇನ್ನೂ ಚೆನ್ನ. ಅದರ ಜಿಎಲ್‌ಥ್ರೆಡ್ ಸೌಲಭ್ಯ ಆನ್ ಇದ್ದರೆ ಮುಖ್ಯ ಥ್ರೆಡ್‌ನ ಭಾರ ಸ್ವಲ್ಪ ಪಕ್ಕದ ಕೋರಿಗೆ ಹೋಗುತ್ತದೆ. ನನ್ನ ಯಂತ್ರದಲ್ಲಿ 40 ಇದ್ದದ್ದು ಅಲ್ಲಿ 46–47. ಎನ್‌ವಿಡಿಯಾದವರು ಕಂಟ್ರೋಲ್ ಪ್ಯಾನೆಲ್‌ನ ಥ್ರೆಡೆಡ್ ಆಪ್ಟಿಮೈಸೇಶನ್ ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ ಅಳೆಯಿರಿ.

ಈ ಯಂತ್ರದ ನಿಜವಾದ ಪರೀಕ್ಷೆ ನಡೆದದ್ದು ಓಪನ್‌ಸಿಮ್‌ನಲ್ಲಿ ಕಟ್ಟಿದ ತೆಂಕುತಿಟ್ಟು ಯಕ್ಷಗಾನದ ರಂಗಸ್ಥಳದಲ್ಲಿ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಮಾಡಿದ ಕಿರೀಟದ ಮೊದಲ ರೂಪದಲ್ಲಿ ಮಣಿಮಣಿಯೂ ಜ್ಯಾಮಿತಿಯೇ ಆಗಿತ್ತು, ಒಂದೂವರೆ ಲಕ್ಷ ತ್ರಿಕೋನ, ಎಂಟು ಮಟೀರಿಯಲ್. ಆರು ವೇಷ ರಂಗಕ್ಕೆ ಬಂದರೆ 6600 ಇದ್ದೂ 14 ಎಫ್‌ಪಿಎಸ್. ಮಣಿಗಳನ್ನು ನಾರ್ಮಲ್ ಮ್ಯಾಪಿಗೆ (ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರಕ್ಕೆ) ಬೇಕ್ ಮಾಡಿ, ಕಿರೀಟ, ಭುಜಕೀರ್ತಿ, ಎದೆಪದಕ ಮೂರಕ್ಕೂ ಒಂದೇ 1024ರ ಟೆಕ್ಸ್ಚರ್ ಹಂಚಿ, ಕೆಳಗಿನ ಎಲ್‌ಒಡಿಗಳನ್ನು ಕೈಯಾರೆ ಮಾಡಿದ ಮೇಲೆ ಏಳು ಸಾವಿರ ತ್ರಿಕೋನಕ್ಕೆ ಇಳಿಯಿತು. ಹತ್ತು ಹೆಜ್ಜೆ ದೂರದಿಂದ ನೋಡಿದರೆ ವ್ಯತ್ಯಾಸ ಹೇಳಲಾಗದು. ಆರು ವೇಷಕ್ಕೆ 50ರ ಮೇಲೆ. ಅಂಚಿನ ಕೆತ್ತನೆಗೆ ಆಲ್ಫಾ ಬ್ಲೆಂಡಿಂಗ್ (ಅರೆಪಾರದರ್ಶಕ) ಬಿಟ್ಟು ಆಲ್ಫಾ ಮಾಸ್ಕ್ (ಪೂರ್ತಿ ಕಾಣುವುದು ಇಲ್ಲವೇ ಪೂರ್ತಿ ಮರೆ) ಹಾಕಿ. ಬೇಗಡೆಯ ಹೊಳಪಿಗೆ ಮೆಟಾಲಿಕ್ ಪೂರ್ತಿ ಏರಿಸಿದಾಗ ಚಿನ್ನ ಕಪ್ಪಾಗಿ ಕಾಣುತ್ತದೆ, ಪ್ರತಿಫಲಿಸಲು ಸುತ್ತ ಏನೂ ಇಲ್ಲದ ಕಾರಣ. ರಂಗಸ್ಥಳದ ನಡುವೆ ಒಂದು ರಿಫ್ಲೆಕ್ಷನ್ ಪ್ರೋಬ್ ಇಟ್ಟರೆ ಬೇಗಡೆ ಬೇಗಡೆಯಾಗಿಯೇ ಹೊಳೆಯುತ್ತದೆ.

ಓಪನ್‌ಸಿಮ್‌ನ ಸರ್ವರ್ ಕೂಡ ಇದೇ ಯಂತ್ರದಲ್ಲಿ ಓಡುತ್ತದೆ, 256 ಮೀಟರ್‌ನ ಒಂದು ರೀಜನ್ (ಲೋಕದ ಒಂದು ಚೌಕ), ಹತ್ತು ಜನರಿಗೆ ಧಾರಾಳ ಸಾಕು. ತಲೆನೋವು ನೆಟ್‌ವರ್ಕಿನದು. 9000ನೇ ಪೋರ್ಟ್ ಟಿಸಿಪಿ, ಯುಡಿಪಿ ಎರಡಕ್ಕೂ ತೆರೆಯಬೇಕು. ಒಂದನ್ನೇ ತೆರೆದರೆ ಲಾಗಿನ್ ಅರ್ಧಕ್ಕೆ ನಿಲ್ಲುತ್ತದೆ. ಮನೆಯ ಫೈಬರ್ ಸಿಜಿನ್ಯಾಟ್ (ಹಲವು ಮನೆಗಳಿಗೆ ಒಂದೇ ಐಪಿ ಹಂಚುವ ವ್ಯವಸ್ಥೆ) ಹಿಂದೆ ಇದ್ದರೆ ಪೋರ್ಟ್ ತೆರೆದೂ ಪ್ರಯೋಜನ ಇಲ್ಲ, ಸ್ಟಾಟಿಕ್ ಐಪಿ ಕೇಳಬೇಕು. ಐಪಿ ಸಿಕ್ಕ ಮೇಲೂ ಹೊರಗಿನವರು ಒಳಗೆ ಬರುತ್ತಾರೆ, ಮನೆಯಲ್ಲಿರುವವರಿಗೇ ಬರಲಾಗುವುದಿಲ್ಲ ಎಂದಾದರೆ ರೌಟರಿಗೆ ನ್ಯಾಟ್ ಲೂಪ್‌ಬ್ಯಾಕ್ ಇಲ್ಲ. ಹೋಸ್ಟ್ಸ್ ಫೈಲಿನಲ್ಲಿ ಸರ್ವರಿನ ಹೆಸರಿಗೆ ಒಳಗಿನ ಐಪಿ ಬರೆದರೆ ಆಯಿತು. ಸೆಕೆಂಡ್ ಲೈಫ್‌ಗೆ ಪಿಂಗ್ (ಸಂದೇಶ ಹೋಗಿ ಬರುವ ಸಮಯ) ಇಲ್ಲಿಂದ 280 ಮಿಲಿಸೆಕೆಂಡಿನ ಆಸುಪಾಸು. ಸರ್ವರ್‌ಗಳು ಅಮೆರಿಕದಲ್ಲಿರುವುದರಿಂದ ಇದನ್ನು ಹೆಚ್ಚು ಇಳಿಸಲಾಗದು. ಎಫ್‌ಪಿಎಸ್‌ಗೆ ಅದರಿಂದ ತೊಂದರೆಯೂ ಇಲ್ಲ. ಕಂಟ್ರೋಲ್-ಶಿಫ್ಟ್-1 ಒತ್ತಿದರೆ ಪಿಂಗ್, ಪ್ಯಾಕೆಟ್ ನಷ್ಟ, ಸಿಮ್ (ಸರ್ವರ್ ಕಡೆಯ) ಎಫ್‌ಪಿಎಸ್ ಬೇರೆಬೇರೆಯಾಗಿ ಕಾಣುತ್ತವೆ. ಸಿಮ್ 45ರಲ್ಲಿದ್ದು ನಿಮ್ಮ ಪರದೆ ಮಾತ್ರ ಎಳೆಯುತ್ತಿದ್ದರೆ ಕಾರಣ ಯಂತ್ರದಲ್ಲೇ ಇದೆ.

ಇನ್ನು ಕರೆಂಟು ಮತ್ತು ಹವೆ. ಆ್ಯಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಪವರ್ ಸಪ್ಲೈಗಳಲ್ಲಿ ಕೆಲವು ಅಗ್ಗದ ಸ್ಕ್ವೇರ್ ವೇವ್ ಯುಪಿಎಸ್‌ಗೆ ಒಗ್ಗುವುದಿಲ್ಲ, ಕರೆಂಟು ಹೋದ ಕ್ಷಣ ಯಂತ್ರವೂ ಆಫ್. ಮನೆಯ ಸೈನ್ ವೇವ್ ಇನ್ವರ್ಟರಿನ ಹಿಂದಿರುವ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿ ಅದರಿಂದಲೇ ಲೈನ್ ಕೊಡಿ. ಮಾನಿಟರ್ ಸೇರಿ 160 ವಾಟ್ ಎಳೆಯುತ್ತದೆ, ಎಫ್‌ಪಿಎಸ್ ಮಿತಿ 45ಕ್ಕೆ ಕಟ್ಟಿದರೆ ಇನ್ನೂ ಇಪ್ಪತ್ತು ಮೂವತ್ತು ಕಮ್ಮಿ. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಸಂಜೆಯ ಸಿಡಿಲಿಗೆ ಪ್ಲಗ್ ಕಿತ್ತರೆ ಸಾಲದು, ಲ್ಯಾನ್ ಕೇಬಲನ್ನೂ ಕೀಳಿ. ಫೈಬರಿನಲ್ಲಿ ಸಿಡಿಲು ಬರುವುದಿಲ್ಲ, ಮೋಡೆಮಿನ ಎಡಾಪ್ಟರಿನಿಂದ ಲ್ಯಾನ್‌ಗೆ ಬರುತ್ತದೆ. ಆಟಿಯ (ಜುಲೈ–ಆಗಸ್ಟ್) ಮಳೆಯಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಯಂತ್ರ ಓಡಲಿ. ವಾರಗಟ್ಟಲೆ ತಣ್ಣಗಿದ್ದರೆ ರ‍್ಯಾಮಿನ ಕಾಲುಗಳು ಮಂಕಾಗಿ ಪರದೆ ಬಾರದೆ ನಿಲ್ಲುತ್ತದೆ, ಆಗ ಬಿಚ್ಚಿ ರಬ್ಬರಿನಲ್ಲಿ ಉಜ್ಜಿ ಹಾಕುವುದು. ಕ್ಯಾಬಿನೆಟ್ಟಿನ ಗಾಳಿ ಬರುವ ಕಡೆಗಳಿಗೆಲ್ಲ ನೈಲಾನ್ ಸೊಳ್ಳೆಪರದೆ ಬಿಗಿದರೆ ಹಲ್ಲಿ ನುಗ್ಗುವುದಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಆ ಪರದೆಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು, ಇಲ್ಲದಿದ್ದರೆ ಕಾರ್ಡಿನ ಬಿಸಿ ಆರೇಳು ಡಿಗ್ರಿ ಮೇಲೆ ಹೋಗುತ್ತದೆ.